ಅಗುಳಿಯಿಲ್ಲದ ಬೀಗ: ಮ್ಯಾಗ್ನೆಟ್ ಲಾಕ್ ಬಾಗಿಲನ್ನು ಹಿಡಿಯುವುದು ಹೇಗೆ, ಬಿಡುವುದು ಯಾವಾಗ

ದಾವಣಗೆರೆಯ ವಿದ್ಯಾನಗರದ ಪಿ.ಜಿ.ಗಳಿರಲಿ, ಪಿ.ಜೆ. ಬಡಾವಣೆಯ ಲ್ಯಾಬ್‌ಗಳಿರಲಿ, ಚಿತ್ರದುರ್ಗದ ಬಿ.ಡಿ. ರಸ್ತೆಯ ಕಚೇರಿಗಳಿರಲಿ, ಬಾಗಿಲ ಮೇಲ್ಗಡೆ ಅಡ್ಡಲಾಗಿ ಕೂತ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಈಗ ಕಣ್ಣಿಗೆ ಬೀಳುತ್ತದೆ. ಕೀಲಿಕೈ ಹಾಕುವ ತೂತಿಲ್ಲ, ಅಗುಳಿಯಿಲ್ಲ, ಚಿಲಕವಿಲ್ಲ. ಕಾರ್ಡ್ ಅಥವಾ ಬೆರಳು ಇಟ್ಟರೆ 'ಟಕ್' ಎಂದು ಬಿಡುತ್ತದೆ. ಅಂಗಡಿಯವರು ಇದನ್ನು ಮ್ಯಾಗ್ನೆಟ್ ಲಾಕ್ ಅಥವಾ ಇ.ಎಂ. ಲಾಕ್ ಎನ್ನುತ್ತಾರೆ. ಹಾಕಿಸಿದವರು, ಅದರ ಹಿಂದೆ ಮಲಗುವವರು, ಮಕ್ಕಳನ್ನು ಅಂಥ ಹಾಸ್ಟೆಲಿಗೆ ಸೇರಿಸಿದ ತಂದೆತಾಯಿ, ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಕರೆಂಟು ಹೋದರೆ ಕಳ್ಳರು ನುಗ್ಗುವುದಿಲ್ಲವೇ? ಬೆಂಕಿ ಬಿದ್ದರೆ ನಾವು ಒಳಗೇ ಸಿಕ್ಕಿಬೀಳುವುದಿಲ್ಲವೇ?

ಉತ್ತರ ಆ ಪೆಟ್ಟಿಗೆ ಕೆಲಸ ಮಾಡುವ ರೀತಿಯಲ್ಲೇ ಇದೆ.

ಪೆಟ್ಟಿಗೆಯಲ್ಲಿ ಏನಿದೆ

ಈ ಬೀಗಕ್ಕೆ ಎರಡೇ ಮುಖ್ಯ ಭಾಗ. ಚೌಕಟ್ಟಿಗೆ ಕೂರಿಸಿದ ವಿದ್ಯುತ್ಕಾಂತ ಒಂದು, ಕದಕ್ಕೆ ಕೂರಿಸಿದ ಕಬ್ಬಿಣದ ದಪ್ಪ ಪಟ್ಟಿ ಇನ್ನೊಂದು. ಪಟ್ಟಿಗೆ ಆರ್ಮೇಚರ್ ಪ್ಲೇಟ್ ಎಂದು ಹೆಸರು. ಅದು ಅಯಸ್ಕಾಂತವಲ್ಲ, ಬರೀ ಮೃದು ಕಬ್ಬಿಣ, ತುಕ್ಕು ಹಿಡಿಯದಿರಲೆಂದು ಮೇಲೆ ಸತುವಿನ ಲೇಪ.

ನಮ್ಮ ಕಡೆ ಹೆಚ್ಚಾಗಿ ಮಾರಾಟವಾಗುವುದು 280 ಕೆ.ಜಿ. ಹಿಡಿತದ ಬೀಗ. ಹಳೆಯ ಲೆಕ್ಕದಲ್ಲಿ 600 ಪೌಂಡ್. ಅದರ ಪೆಟ್ಟಿಗೆ ಸುಮಾರು 25 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ಎರಡೂವರೆ ಸೆಂ.ಮೀ. ದಪ್ಪ ಇರುತ್ತದೆ. ಹೊರಬಾಗಿಲಿಗೆ 545 ಕೆ.ಜಿ.ಯದು ಬರುತ್ತದೆ, ಕಪಾಟು ಮತ್ತು ಶೋಕೇಸಿಗೆ 60 ಕೆ.ಜಿ.ಯ ಚಿಕ್ಕದು. ಪೆಟ್ಟಿಗೆಯ ಒಳಗೆ ಇಂಗ್ಲಿಷಿನ 'ಇ' ಅಕ್ಷರದ ಆಕಾರದ ಕಬ್ಬಿಣದ ತಿರುಳು, ಅದರ ನಡುವಿನ ಕಾಲಿಗೆ ಸುತ್ತಿದ ತಾಮ್ರದ ತಂತಿ, ಉಳಿದ ಜಾಗಕ್ಕೆಲ್ಲ ಸುರಿದು ಗಟ್ಟಿ ಮಾಡಿದ ಎಪಾಕ್ಸಿ. ಅಲುಗುವ ಭಾಗ ಒಂದೂ ಇಲ್ಲ. ಹಾಗಾಗಿ ಸವೆಯುವುದಕ್ಕೂ ಏನಿಲ್ಲ. ವರ್ಷಗಟ್ಟಲೆ ದಿನಕ್ಕೆ ನೂರಾರು ಸಲ ತೆರೆದು ಮುಚ್ಚುವ ಬಾಗಿಲಿಗೆ ಇದನ್ನು ಆರಿಸುವುದಕ್ಕೆ ದೊಡ್ಡ ಕಾರಣ ಇದೇ.

ಕರೆಂಟು ಕಬ್ಬಿಣಕ್ಕೆ ಸೆಳೆತ ಕೊಡುವುದು ಹೇಗೆ

ತಂತಿಯಲ್ಲಿ ಕರೆಂಟು ಹರಿದರೆ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್ 1820ರಲ್ಲಿ ಇದನ್ನು ತೋರಿಸಿದ. ತಂತಿಯ ಪಕ್ಕದಲ್ಲಿಟ್ಟ ದಿಕ್ಸೂಚಿಯ ಮುಳ್ಳು ಕರೆಂಟು ಹರಿದಾಗ ಪಕ್ಕಕ್ಕೆ ತಿರುಗಿತ್ತು. ಒಂಟಿ ತಂತಿಯ ಕ್ಷೇತ್ರ ತೀರಾ ದುರ್ಬಲ. ಅದೇ ತಂತಿಯನ್ನು ಸುರುಳಿ ಸುತ್ತಿದರೆ ಪ್ರತಿ ಸುತ್ತಿನ ಕ್ಷೇತ್ರವೂ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಸುರುಳಿಯ ನಡುವೆ ಕಬ್ಬಿಣ ಇಟ್ಟರೆ ಆ ಕಬ್ಬಿಣದೊಳಗೆ ಮೊದಲೇ ಇದ್ದ, ಆದರೆ ಅಡ್ಡಾದಿಡ್ಡಿಯಾಗಿ ಮುಖ ಮಾಡಿದ್ದ ಸೂಕ್ಷ್ಮ ಕಾಂತವಲಯಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ಆಗ ಬಲ ನೂರಾರು ಪಟ್ಟು ಏರುತ್ತದೆ.

ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1825ರ ಸುಮಾರಿಗೆ ಲಾಳಾಕಾರದ ಕಬ್ಬಿಣಕ್ಕೆ ಬರಿಯ ತಾಮ್ರದ ತಂತಿ ಸುತ್ತಿ, ಸುಮಾರು 200 ಗ್ರಾಂ ತೂಕದ ಆ ತುಂಡಿನಿಂದ 4 ಕೆ.ಜಿ. ಎತ್ತಿ ತೋರಿಸಿದ. ತಂತಿಗೆ ಹೊದಿಕೆ ಇಲ್ಲದ್ದರಿಂದ ಸುತ್ತುಗಳನ್ನು ಒಂದಕ್ಕೊಂದು ತಾಗದಂತೆ ದೂರದೂರ ಇಡಬೇಕಾಗಿತ್ತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ಹೊದಿಕೆ ಹಾಕಿ ಪದರದ ಮೇಲೆ ಪದರ ಸುತ್ತಿದ ಮೇಲೆ ವಿದ್ಯುತ್ಕಾಂತಕ್ಕೆ ನಿಜವಾದ ಕಸುವು ಬಂತು. ಇಂದಿನ ಬಾಗಿಲ ಬೀಗದೊಳಗಿನ ಎನಾಮೆಲ್ ತಂತಿ ಆ ದಾರಿಯಲ್ಲೇ ಬಂದದ್ದು. ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಗಳಲ್ಲಿ ಕೆಂಪಗೆ ಹೊಳೆಯುವ ತಂತಿಯ ಉಂಡೆ ನೋಡಿದ್ದೀರಲ್ಲ, ಅದೇ ಜಾತಿ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಮೂರು ಇಂಚಿನ ಮೊಳೆಗೆ 28 ಗೇಜಿನ ಎನಾಮೆಲ್ ತಂತಿಯನ್ನು 200 ಸುತ್ತು ಒಂದೇ ದಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ. ಎರಡೂ ತುದಿಯ ಎನಾಮೆಲ್ ಅನ್ನು ಬ್ಲೇಡಿನಿಂದ ಕೆರೆದು ತಾಮ್ರ ಹೊಳೆಯುವಂತೆ ಮಾಡಿ, ಒಂದೂವರೆ ವೋಲ್ಟಿನ ಸೆಲ್ಲಿಗೆ ಹಿಡಿಯಿರಿ. ಕೆರೆಯದಿದ್ದರೆ ಕರೆಂಟು ಹರಿಯುವುದೇ ಇಲ್ಲ, ಬಹುತೇಕ ಮಕ್ಕಳ ಪ್ರಯೋಗ ಕೈಕೊಡುವುದು ಇಲ್ಲೇ. ಐದಾರು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬೇಡಿ, ತಂತಿ ಮತ್ತು ಸೆಲ್ಲು ಎರಡೂ ಬಿಸಿಯಾಗುತ್ತವೆ. ಮೊಳೆಯ ತುದಿಗೆ ಕಬ್ಬಿಣದ ವಾಷರ್ ಅಂಟಿಕೊಳ್ಳುತ್ತದೆ. ಈಗ ಮೊಳೆಗೂ ವಾಷರಿಗೂ ನಡುವೆ ಒಂದು ಪದರ ಕಾಗದ ಇಟ್ಟು ಮತ್ತೆ ಎತ್ತಿ, ಆಮೇಲೆ ಎರಡು ಪದರ, ನಾಲ್ಕು ಪದರ. ಸೆಲ್ಲು ಅದೇ, ಸುತ್ತು ಅಷ್ಟೇ, ಆದರೂ ಹಿಡಿತ ಇಳಿಯುತ್ತಾ ಹೋಗಿ ಕೊನೆಗೆ ವಾಷರ್ ಬಿದ್ದೇ ಹೋಗುತ್ತದೆ.

ಬಾಗಿಲ ಬೀಗದ ಅರ್ಧಕ್ಕರ್ಧ ತೊಂದರೆಗಳಿಗೆ ಕಾರಣ ಆ ಕಾಗದದಷ್ಟು ಅಂತರ.

ಕಾಗದದಷ್ಟು ಅಂತರ

ಕಾಂತದ ಬಲರೇಖೆಗಳು ಎಲ್ಲೋ ಹುಟ್ಟಿ ಎಲ್ಲೋ ಮುಗಿಯುವುದಿಲ್ಲ. ನಡುಗಾಲಿನಿಂದ ಹೊರಟು, ಪ್ಲೇಟಿನೊಳಗೆ ಹಾದು, ಪಕ್ಕದ ಕಾಲುಗಳ ಮೂಲಕ ವಾಪಸು ಬಂದು ಒಂದು ಸುತ್ತು ಪೂರೈಸಬೇಕು. ಭದ್ರಾ ನಾಲೆಯ ನೀರನ್ನು ನೆನೆಸಿಕೊಳ್ಳಿ. ಸಿಮೆಂಟು ಹಾಸಿದ ಕಡೆ ಅದು ಸರಾಗವಾಗಿ ಹರಿಯುತ್ತದೆ. ನಾಲೆ ಒಂದು ಕಡೆ ಕಿತ್ತುಹೋದರೆ ಮೇಲಿಂದ ಎಷ್ಟೇ ನೀರು ಬಿಟ್ಟರೂ ಕೊನೇ ಭಾಗದ ಗದ್ದೆಗೆ ಮುಟ್ಟುವುದಿಲ್ಲ. ಕಬ್ಬಿಣ ಆ ಹಾಸು, ಗಾಳಿ ಆ ಕಿತ್ತುಹೋದ ಜಾಗ.

ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಬೀಗದ ಕಬ್ಬಿಣ ಗಾಳಿಗಿಂತ 2000 ಪಟ್ಟು ಸುಲಭವಾಗಿ ಬಲರೇಖೆಗಳಿಗೆ ದಾರಿ ಕೊಡುತ್ತದೆ ಎಂದಿಟ್ಟುಕೊಳ್ಳಿ. ಆಗ 10 ಸೆಂ.ಮೀ. ಕಬ್ಬಿಣದ ದಾರಿಯಲ್ಲಿ ಎಷ್ಟು ಅಡ್ಡಿಯಿದೆಯೋ ಅಷ್ಟೇ ಅಡ್ಡಿ 0.05 ಮಿ.ಮೀ. ಗಾಳಿಯಲ್ಲಿದೆ. ಸಾಮಾನ್ಯ ಬರೆಯುವ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಬಲರೇಖೆ ಪ್ಲೇಟಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಆ ಅಂತರ ದಾಟಬೇಕು. ಅಂದರೆ ಒಂದು ಹಾಳೆ ಸಿಕ್ಕಿಕೊಂಡರೆ ಇಡೀ ಕಬ್ಬಿಣದ ದಾರಿಗಿಂತ ಹಾಳೆಯ ಅಡ್ಡಿಯೇ ದೊಡ್ಡದಾಗುತ್ತದೆ. ಅದೂ ಸಾಲದೆಂಬಂತೆ, ಸೆಳೆತ ಕಾಂತಕ್ಷೇತ್ರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಕ್ಷೇತ್ರ ಅರ್ಧಕ್ಕೆ ಇಳಿದರೆ ಹಿಡಿತ ಕಾಲುಭಾಗ. 280 ಕೆ.ಜಿ. ಹಿಡಿಯಬೇಕಾದ ಬೀಗ 70ಕ್ಕೆ ಬಂದು ನಿಲ್ಲುತ್ತದೆ.

ಎರಡೂ ಮುಖ ಪೂರಾ ಕೂಡಿಕೊಂಡಾಗ ಮಾತ್ರ ಪೆಟ್ಟಿಗೆಯ ಮೇಲೆ ಬರೆದ ಅಂಕಿ ನಿಜ. ಕಬ್ಬಿಣದಲ್ಲಿ ಕ್ಷೇತ್ರ 1.5 ಟೆಸ್ಲಾ ಇದ್ದರೆ ಪ್ರತಿ ಚದರ ಸೆಂ.ಮೀ. ಮುಖಕ್ಕೆ ಸುಮಾರು 9 ಕೆ.ಜಿ. ಸೆಳೆತ ಸಿಗುತ್ತದೆ. 30 ಚದರ ಸೆಂ.ಮೀ. ಸಿಕ್ಕರೆ 270 ಕೆ.ಜಿ. ದಾಟಿತು. ಮ್ಯಾಗ್ನೆಟ್ ಬಾಗಿಲನ್ನು ದೂರದಿಂದ ಎಳೆದುಕೊಳ್ಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅರ್ಧ ಇಂಚು ದೂರದಲ್ಲಿ ಅದಕ್ಕೆ ಬಾಗಿಲನ್ನು ಸರಿಸುವಷ್ಟೂ ಬಲ ಇರುವುದಿಲ್ಲ. ಬಾಗಿಲನ್ನು ತಂದು ತಾಗಿಸುವ ಕೆಲಸ ಡೋರ್ ಕ್ಲೋಸರಿನದು. ಕ್ಲೋಸರ್ ಇಲ್ಲದ ಬಾಗಿಲಿಗೆ ಮ್ಯಾಗ್ನೆಟ್ ಲಾಕ್ ಹಾಕಿಸುವುದು ದುಡ್ಡು ದಂಡ.

ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಹತ್ತಿರದ ಕಟ್ಟಡಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ತೌಡಿನ ಧೂಳು, ಹೊಗೆಯ ಜಿಡ್ಡು ಎರಡೂ ಸೇರಿ ಪ್ಲೇಟಿನ ಮೇಲೆ ತೆಳುವಾಗಿ ಕೂರುತ್ತದೆ. ಕಣ್ಣಿಗೆ ಅದು ಬರಿಯ ಮಂಕು, ಬೀಗಕ್ಕೆ ಅದೇ ಆ ಹಾಳೆ.

6 ವ್ಯಾಟಿನಲ್ಲಿ 280 ಕೆ.ಜಿ.?

12 ವೋಲ್ಟಿನಲ್ಲಿ ಈ ಬೀಗ ಎಳೆಯುವುದು ಸುಮಾರು ಅರ್ಧ ಆಂಪಿಯರ್, ಅಂದರೆ 6 ವ್ಯಾಟ್. ಒಂದು ಚಿಕ್ಕ ಎಲ್‌ಇಡಿ ಬಲ್ಬಿನಷ್ಟು. ಅಷ್ಟರಲ್ಲಿ ಇಷ್ಟು ಭಾರ ಹೇಗೆ ಎಂದರೆ, ಬೀಗ ಭಾರವನ್ನು ಎತ್ತುತ್ತಿಲ್ಲ, ಹಿಡಿದು ನಿಂತಿದೆ ಅಷ್ಟೇ. ಭೌತಶಾಸ್ತ್ರದ ಲೆಕ್ಕದಲ್ಲಿ ವಸ್ತು ಸರಿಯದಿದ್ದರೆ ಕೆಲಸ ಸೊನ್ನೆ. ಆ 6 ವ್ಯಾಟ್ ಪೂರ್ತಿಯಾಗಿ ತಾಮ್ರದ ತಂತಿಯನ್ನು ಬೆಚ್ಚಗೆ ಮಾಡುವುದಕ್ಕೇ ಖರ್ಚಾಗುತ್ತದೆ. ಪೆಟ್ಟಿಗೆ ಮುಟ್ಟಿದರೆ ಬೆಚ್ಚಗಿರುವುದು ಇದಕ್ಕೇ, ಗಾಬರಿ ಬೇಡ.

ಬಿಲ್ಲಿನ ಲೆಕ್ಕ: ದಿನಕ್ಕೆ 144 ವ್ಯಾಟ್-ಗಂಟೆ, ತಿಂಗಳಿಗೆ 4.3 ಯೂನಿಟ್. ಪವರ್ ಸಪ್ಲೈ ತಿನ್ನುವುದನ್ನೂ ಸೇರಿಸಿ 5 ಯೂನಿಟ್ ಅಂದುಕೊಳ್ಳಿ.

ಕೊಡುವುದು ಡಿ.ಸಿ. ಕರೆಂಟೇ ಆಗಿರಬೇಕು. ಮನೆಯ ಎ.ಸಿ. ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ. ಅದನ್ನೇ ಸುರುಳಿಗೆ ಕೊಟ್ಟರೆ ಸೆಳೆತವೂ ಅಷ್ಟೇ ಸಲ ಬಿದ್ದು ಎದ್ದು ಬಾಗಿಲು ಗುಂಯ್‌ಗುಡುತ್ತದೆ. ಹಾಗಾಗಿ 230 ವೋಲ್ಟನ್ನು 12 ಅಥವಾ 24 ವೋಲ್ಟ್ ಡಿ.ಸಿ.ಗೆ ಇಳಿಸುವ ಎಸ್.ಎಂ.ಪಿ.ಎಸ್. ಬೇಕೇ ಬೇಕು. ಬೀಗದ ತಂತಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಎಸ್.ಎಂ.ಪಿ.ಎಸ್.ನ ಒಳಬದಿಯ ತಂತಿ ಖಂಡಿತ ಹೊಡೆಯುತ್ತದೆ.

ಹೆಚ್ಚಿನ ಬೀಗಗಳಲ್ಲಿ ಎರಡು ಸುರುಳಿ ಇರುತ್ತವೆ, ತಲಾ 48 ಓಮ್ ಆಸುಪಾಸು. ಜಂಪರ್ ಎಂಬ ಪುಟ್ಟ ಕೊಂಡಿಯನ್ನು ಬದಲಿಸಿ 12 ವೋಲ್ಟಿಗೆ ಅವುಗಳನ್ನು ಸಮಾಂತರವಾಗಿ, 24 ವೋಲ್ಟಿಗೆ ಸರಣಿಯಾಗಿ ಜೋಡಿಸುತ್ತಾರೆ. ಮೊದಲನೆಯದರಲ್ಲಿ ಒಟ್ಟು 24 ಓಮ್, ಎರಡನೆಯದರಲ್ಲಿ 96. ಜಂಪರ್ 24ರಲ್ಲಿದ್ದು ನೀವು 12 ವೋಲ್ಟ್ ಕೊಟ್ಟರೆ ಬೀಗ ಕೆಲಸ ಮಾಡಿದಂತೆ ಕಾಣುತ್ತದೆ, ದೀಪವೂ ಉರಿಯಬಹುದು, ಆದರೆ ಪ್ರತಿ ಸುರುಳಿಗೆ ಅರ್ಧ ಕರೆಂಟು, ಹಿಡಿತ ಕಾಲುಭಾಗ. ತಿರುಗಾ ಮುರುಗಾ ಆದರೆ, ಅಂದರೆ ಜಂಪರ್ 12ರಲ್ಲಿದ್ದು 24 ಕೊಟ್ಟರೆ, ಶಾಖ ನಾಲ್ಕು ಪಟ್ಟಾಗಿ ಸುರುಳಿ ಸುಟ್ಟುಹೋಗುವ ಹಾದಿ ಹಿಡಿಯುತ್ತದೆ.

ಕರೆಂಟು ಹೋದರೆ

ಹೌದು, ಬಾಗಿಲು ತೆರೆದುಕೊಳ್ಳುತ್ತದೆ. ಮೃದು ಕಬ್ಬಿಣದ ಗುಣವೇ ಅದು. ಕರೆಂಟು ನಿಂತರೆ ಅದರ ಕಾಂತತ್ವ ಹೆಚ್ಚುಕಡಿಮೆ ಪೂರ್ತಿ ಇಳಿದುಹೋಗುತ್ತದೆ. ಉಕ್ಕಾಗಿದ್ದರೆ ಕಾಂತತ್ವ ಉಳಿದುಕೊಂಡು ಬಾಗಿಲು ಬಿಡುತ್ತಲೇ ಇರಲಿಲ್ಲ. ಕರೆಂಟು ಇಲ್ಲದಾಗ ತೆರೆದುಕೊಳ್ಳುವ ಬೀಗಗಳಿಗೆ ಫೇಲ್-ಸೇಫ್ ಎನ್ನುತ್ತಾರೆ. ಇಲ್ಲಿ 'ಸೇಫ್' ಅಂದರೆ ಒಳಗಿರುವ ಜನರ ಸುರಕ್ಷೆ, ಮಾಲಿನದ್ದಲ್ಲ. ಕರೆಂಟು ಹೋದರೂ ಮುಚ್ಚಿಯೇ ಇರುವ ಬೀಗಗಳಿಗೆ ಫೇಲ್-ಸೆಕ್ಯೂರ್ ಎಂದು ಹೆಸರು. ಮ್ಯಾಗ್ನೆಟ್ ಲಾಕ್ ಯಾವತ್ತೂ ಮೊದಲನೇ ಗುಂಪಿಗೇ ಸೇರಿದ್ದು.

ನಮ್ಮ ಎರಡೂ ಜಿಲ್ಲೆಗೆ ಕರೆಂಟು ಕೊಡುವುದು ಬೆಸ್ಕಾಂ. ಮಳೆಗಾಲದ ಗಾಳಿಗೆ, ಬೇಸಿಗೆಯ ಲೋಡಿಗೆ ಅದು ಹೋಗಿ ಬರುವುದು ಹೊಸತೇನಲ್ಲ. ಅದಕ್ಕೇ ಬ್ಯಾಟರಿ. 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಲ್ಡ್ ಬ್ಯಾಟರಿ ರೂಢಿಯಲ್ಲಿದೆ. ಬೀಗಕ್ಕೆ 0.5 ಆಂಪಿಯರ್, ಕಾರ್ಡ್ ಓದುವ ರೀಡರ್ ಮತ್ತು ಬೀಗವನ್ನು ನಿಯಂತ್ರಿಸುವ ಕಂಟ್ರೋಲರ್ ಸೇರಿ 0.2. ಒಟ್ಟು 0.7. ಏಳನ್ನು ಅದರಿಂದ ಭಾಗಿಸಿದರೆ ಕಾಗದದ ಮೇಲೆ 10 ಗಂಟೆ. ಹೊಸ ಬ್ಯಾಟರಿಯಲ್ಲಿ ಏಳೆಂಟು ಗಂಟೆ ಎಂದು ನಂಬಿ ನಡೆಯುವುದು ಜಾಣತನ. ಎರಡು ಮೂರು ಬೇಸಿಗೆ ಕಂಡ ಬ್ಯಾಟರಿ ಎರಡು ಗಂಟೆಗೇ ಕುಸಿದರೆ ಆಶ್ಚರ್ಯವಿಲ್ಲ, ಸೀಸದ ಬ್ಯಾಟರಿಗೆ ಸೆಕೆ ಆಗಿಬರುವುದಿಲ್ಲ. ಕುಸಿಯುವ ಮುಂಚೆಯೇ ವೋಲ್ಟೇಜ್ 10.5ಕ್ಕೆ ಇಳಿದಿದ್ದರೆ ಹಿಡಿತ ನಾಲ್ಕರಲ್ಲಿ ಮೂರು ಭಾಗಕ್ಕೆ ಬಂದಿರುತ್ತದೆ.

ಒಂದು ಎಚ್ಚರಿಕೆ. ಕ್ಯಾಮೆರಾಗೆ ಬಳಸುವ ಸಾದಾ ಎಸ್.ಎಂ.ಪಿ.ಎಸ್.ಗೆ ಬ್ಯಾಟರಿಯನ್ನು ನೇರ ಕಟ್ಟಿಬಿಡುವವರಿದ್ದಾರೆ. ಸೀಸದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ನಿಲ್ಲಲು 13.5ರಿಂದ 13.8 ವೋಲ್ಟ್ ಬೇಕು. ಬರೀ 12 ಕೊಟ್ಟರೆ ಅದು ಯಾವತ್ತೂ ತುಂಬುವುದಿಲ್ಲ. ಬ್ಯಾಟರಿಗೆಂದೇ ಪ್ರತ್ಯೇಕ ಟರ್ಮಿನಲ್ ಇರುವ, ಆಕ್ಸೆಸ್ ಕಂಟ್ರೋಲಿಗೆಂದೇ (ಕಾರ್ಡು, ಬೆರಳಿಗೆ ತೆರೆಯುವ ಬಾಗಿಲ ವ್ಯವಸ್ಥೆಗೆ) ಬರುವ 3 ಅಥವಾ 5 ಆಂಪಿಯರ್‌ನ ಸಪ್ಲೈ ಕೇಳಿ ತನ್ನಿ.

ಕಾರ್ಡಿನಿಂದ ಬೀಗದವರೆಗೆ

ಕಾರ್ಡ್ ರೀಡರ್ ಬಾಗಿಲು ತೆರೆಯುವುದಿಲ್ಲ. ಅದು ಕಾರ್ಡಿನ ನಂಬರನ್ನು ಓದಿ ಕಂಟ್ರೋಲರಿಗೆ ಕಳಿಸುತ್ತದೆ, ಅಷ್ಟೇ. ನಂಬರ್ ಪಟ್ಟಿಯಲ್ಲಿದ್ದರೆ ಕಂಟ್ರೋಲರ್ ತನ್ನೊಳಗಿನ ರಿಲೇ ಎಂಬ ಸ್ವಿಚ್ಚನ್ನು ಕೆಲವು ಸೆಕೆಂಡು ತಿರುಗಿಸುತ್ತದೆ. ಬೀಗದ ಕರೆಂಟು ಕಡಿಯುತ್ತದೆ, ಬಾಗಿಲು ಬಿಡುತ್ತದೆ. ಸಾಮಾನ್ಯವಾಗಿ ಈ ಸಮಯವನ್ನು 5 ಸೆಕೆಂಡಿಗೆ ಇಡುತ್ತಾರೆ. ವಯಸ್ಸಾದವರು ಬರುವ ಕ್ಲಿನಿಕ್ಕಾದರೆ 8–10 ಇಡುವುದು ಒಳ್ಳೆಯದು.

ರಿಲೇಗೆ ಮೂರು ಕಾಲು: ಕಾಮ್, ಎನ್.ಸಿ., ಎನ್.ಒ. ಸುಮ್ಮನಿರುವಾಗ ಕಾಮ್ ಎನ್.ಸಿ.ಗೆ ಸೇರಿಕೊಂಡಿರುತ್ತದೆ, ರಿಲೇ ತಿರುಗಿದಾಗ ಎನ್.ಒ.ಗೆ. ಮ್ಯಾಗ್ನೆಟ್ ಲಾಕಿಗೆ ಸುಮ್ಮನಿರುವಾಗಲೇ ಕರೆಂಟು ಬೇಕಾದ್ದರಿಂದ ತಂತಿ ಎನ್.ಸಿ.ಗೆ ಹೋಗಬೇಕು. ಎನ್.ಒ.ಗೆ ಹಾಕಿದರೆ ಕಾರ್ಡ್ ಇಟ್ಟಾಗ ಬೀಗ ಬೀಳುತ್ತದೆ, ಇಲ್ಲದಾಗ ಬಾಗಿಲು ಬಿಚ್ಚಿರುತ್ತದೆ. ಹೊಸದಾಗಿ ಕೆಲಸ ಕಲಿತವರು ಎಡವುವ ಜಾಗ ಇದು.

ಸರಿಯಾದ ದಾರಿ ಹೀಗೆ: ಸಪ್ಲೈನ ಪಾಸಿಟಿವ್ ಮೊದಲು ಎಮರ್ಜೆನ್ಸಿ ಬ್ರೇಕ್-ಗ್ಲಾಸ್ ಪೆಟ್ಟಿಗೆಗೆ, ಅಲ್ಲಿಂದ ರಿಲೇಯ ಕಾಮ್‌ಗೆ, ಎನ್.ಸಿ.ಯಿಂದ ಬೀಗಕ್ಕೆ. ಬೀಗದ ನೆಗೆಟಿವ್ ನೇರ ಸಪ್ಲೈಗೆ ವಾಪಸು. ಹಸಿರು ಬಣ್ಣದ ಆ ಬ್ರೇಕ್-ಗ್ಲಾಸ್ ಒತ್ತಿದರೆ ತಂತಿಯೇ ಕಡಿಯುತ್ತದೆ. ಕಂಟ್ರೋಲರ್ ಕೆಟ್ಟಿರಲಿ, ಸಾಫ್ಟ್‌ವೇರ್ ಹ್ಯಾಂಗ್ ಆಗಿರಲಿ, ಬಾಗಿಲು ಬಿಡಲೇಬೇಕು. ಒಳಗಿನ ಎಕ್ಸಿಟ್ ಬಟನ್ ಕಂಟ್ರೋಲರಿಗೆ ಸಂದೇಶ ಕೊಡುವ ಗುಂಡಿ ಮಾತ್ರ. ಕಂಟ್ರೋಲರ್ ಸತ್ತರೆ ಅದೂ ಸತ್ತಂತೆ. ಅದು ಇದೆ ಎಂದು ಬ್ರೇಕ್-ಗ್ಲಾಸನ್ನು ಬಿಡುವ ಹಾಗಿಲ್ಲ.

ಸುರುಳಿಯ ಕರೆಂಟು ತಟ್ಟನೆ ಕಡಿದಾಗ ಅದರಲ್ಲಿ ಕೂಡಿಟ್ಟ ಶಕ್ತಿ ಎದುರು ವೋಲ್ಟೇಜಾಗಿ ಚಿಮ್ಮುತ್ತದೆ. ಅದು ರಿಲೇಯ ಬಾಯಲ್ಲಿ ಕಿಡಿ ಹಾರಿಸಿ ಕ್ರಮೇಣ ಸಂಪರ್ಕಗಳನ್ನು ಬೆಸೆದುಬಿಡಬಹುದು. ಬೆಸೆದರೆ ಯಾವ ಕಾರ್ಡಿಗೂ ಬಾಗಿಲು ತೆರೆಯುವುದಿಲ್ಲ. ಒಳ್ಳೆಯ ಬೀಗಗಳಲ್ಲಿ ಇದನ್ನು ಹೀರಿಕೊಳ್ಳಲು ಎಂ.ಒ.ವಿ. ಎಂಬ ಬಿಲ್ಲೆಯಾಕಾರದ ಬಿಡಿಭಾಗ ಒಳಗೇ ಇರುತ್ತದೆ. ಇಲ್ಲದಿದ್ದರೆ ಬೀಗದ ಎರಡು ತಂತಿಗಳ ನಡುವೆ 1ಎನ್4007 ಡಯೋಡನ್ನು ಉಲ್ಟಾ ಹಾಕುತ್ತಾರೆ, ಅದರ ಬೆಳ್ಳಿ ಗೆರೆಯಿರುವ ತುದಿ ಪಾಸಿಟಿವ್ ಕಡೆಗೆ. ಡಯೋಡಿನ ದೋಷ ಏನೆಂದರೆ ಬೀಗ ಬಿಡುವುದು ಒಂದು ಗಳಿಗೆ ತಡವಾಗುತ್ತದೆ. ಒಳಗೆ ಎಂ.ಒ.ವಿ. ಇದ್ದರೆ ಡಯೋಡ್ ಬೇಡ.

ಕೂರಿಸುವ ಕೆಲಸ

ಬೀಗ ಯಾವಾಗಲೂ ಬಾಗಿಲ ಒಳಬದಿಗೆ, ಮೇಲ್ಗಡೆ, ಕೀಲಿನಿಂದ ದೂರದ ಮೂಲೆಗೆ. ದೂರ ಯಾಕೆಂದರೆ ಸನ್ನೆಯ ಲೆಕ್ಕ. ಕೀಲಿನಿಂದ 80 ಸೆಂ.ಮೀ. ದೂರದಲ್ಲಿ ನೂಕುವವನಿಗೆ ಎದುರಾಗಿ ಬೀಗ 40 ಸೆಂ.ಮೀ.ನಲ್ಲಿದ್ದರೆ ಅವನ ಬಲ ಬೀಗದ ಮೇಲೆ ಎರಡು ಪಟ್ಟಾಗಿ ಬೀಳುತ್ತದೆ. ಹೊರಕ್ಕೆ ತೆರೆಯುವ ಬಾಗಿಲಿಗೆ ಪೆಟ್ಟಿಗೆಯನ್ನು ನೇರ ಚೌಕಟ್ಟಿನ ತಲೆಗೆ ಅಥವಾ ಎಲ್ ಬ್ರಾಕೆಟ್ಟಿಗೆ ಕೂರಿಸಬಹುದು. ಒಳಕ್ಕೆ ತೆರೆಯುವುದಕ್ಕೆ ಝಡ್ ಮತ್ತು ಎಲ್ ಎರಡೂ ಸೇರಿದ ಸೆಟ್ ಬೇಕು. ಚೌಕಟ್ಟಿಲ್ಲದ ಗಾಜಿನ ಬಾಗಿಲಿಗೆ ಯು ಬ್ರಾಕೆಟ್, ಗಾಜಿಗೆ ತೂತು ಹೊಡೆಯದೆ ಹಿಡಿದು ಕೂರುತ್ತದೆ. ಖರೀದಿಗೆ ಮೊದಲೇ ಬಾಗಿಲು ಯಾವ ಕಡೆ ತೆರೆಯುತ್ತದೆಂದು ನೋಡಿಕೊಂಡು ಹೋದರೆ ಅಂಗಡಿಗೆ ಎರಡನೇ ಸಲ ಅಲೆಯುವುದು ತಪ್ಪುತ್ತದೆ.

ಪ್ಲೇಟ್ ಕೂರಿಸುವುದರಲ್ಲೇ ಇಡೀ ಕೆಲಸದ ಗುಟ್ಟಿದೆ. ಜೊತೆಗೆ ಬರುವ ಕಾಗದದ ಅಚ್ಚನ್ನು ಬಾಗಿಲಿಗೆ ಅಂಟಿಸಿ ಮೂರು ಗುರುತು ಮಾಡಬೇಕು. ನಡುವಿನದು ಕದದ ಆಚೆಗೂ ತೂರುವ ತೂತು. ಅಕ್ಕಪಕ್ಕದ ಎರಡು ಅರ್ಧದವರೆಗೆ ಮಾತ್ರ, ಅವು ಪ್ಲೇಟ್ ಗಿರ್ರನೆ ತಿರುಗದಂತೆ ತಡೆಯುವ ಪಿನ್ನುಗಳಿಗೆ. ಪ್ಲೇಟಿಗೂ ಬಾಗಿಲಿಗೂ ನಡುವೆ ರಬ್ಬರ್ ವಾಷರ್, ಅದರ ಎರಡು ಪಕ್ಕ ಕಬ್ಬಿಣದ ವಾಷರ್. ಆಮೇಲೆ ನಡುವಿನ ಬೋಲ್ಟನ್ನು ಆಲನ್ ಕೀಯಲ್ಲಿ ಬಿಗಿಯುತ್ತಾರೆ.

ಎಷ್ಟು ಬಿಗಿಯಬೇಕು? ಬಡಗಿ ಕೆಲಸ ಮಾಡಿ ಪಳಗಿದ ಕೈ ಇಲ್ಲಿ ದಾರಿ ತಪ್ಪುತ್ತದೆ. ಗಟ್ಟಿಯಾಗಿರಲಿ ಎಂದು ಪೂರಾ ಬಿಗಿದರೆ ರಬ್ಬರ್ ಜಜ್ಜಿಹೋಗಿ ಪ್ಲೇಟ್ ಬಾಗಿಲಿಗೆ ಅಲುಗದಂತೆ ಕೂತುಬಿಡುತ್ತದೆ. ಬಾಗಿಲು ಒಂದು ಕೂದಲೆಳೆ ಸೊಟ್ಟಗಿದ್ದರೂ ಪ್ಲೇಟಿನ ಒಂದು ಅಂಚು ತಾಗಿ ಇನ್ನೊಂದು ಅಂಚು ತೆರೆದಿರುತ್ತದೆ. ಬೆರಳಲ್ಲಿ ಒತ್ತಿದರೆ ಪ್ಲೇಟ್ ತುಸು ಓಲಾಡಬೇಕು, ಆದರೆ ಗಲಗಲ ಅನ್ನಬಾರದು. ಆಗ ಕಾಂತವೇ ಅದನ್ನು ತನ್ನ ಮುಖಕ್ಕೆ ಸಮನಾಗಿ ಎಳೆದುಕೊಳ್ಳುತ್ತದೆ. ಸಡಿಲ ಬಿಟ್ಟ ಬೋಲ್ಟ್ ದಿನಕಳೆದಂತೆ ಕಳಚದಿರಲು ಎಳೆಗೆ ಒಂದು ಹನಿ ಥ್ರೆಡ್-ಲಾಕ್ ಅಂಟು ಹಾಕಬೇಕು.

ಪರೀಕ್ಷೆ ಸುಲಭ. ಕರೆಂಟು ಕೊಡದೆ, ಬಾಗಿಲು ಮುಚ್ಚಿ, ಹಾಳೆಯ ತುಂಡನ್ನು ಪ್ಲೇಟಿನ ನಾಲ್ಕೂ ಮೂಲೆಗೆ ತೂರಿಸಿ ನೋಡಿ. ಒಂದು ಮೂಲೆಯಲ್ಲಿ ಸಲೀಸಾಗಿ ಒಳಹೋದರೆ ಅಲ್ಲಿ ಸಂದಿದೆ. ನಂತರ ಕರೆಂಟು ಕೊಟ್ಟು ಮತ್ತೆ ನೋಡಿ, ಈಗ ಎಲ್ಲೂ ತೂರಬಾರದು.

ಅಲ್ಯೂಮಿನಿಯಂ ಸೆಕ್ಷನ್ ಮತ್ತು ಯು.ಪಿ.ವಿ.ಸಿ. ಬಾಗಿಲುಗಳು ಒಳಗೆ ಟೊಳ್ಳು. ಬೀಗ 280 ಕೆ.ಜಿ. ಹಿಡಿಯಬಹುದು, ಅದನ್ನು ಹಿಡಿದ ಸ್ಕ್ರೂ ಅಷ್ಟು ಹಿಡಿಯಬೇಕಲ್ಲ? ಒಳಗೆ ಕಬ್ಬಿಣದ ಪಟ್ಟಿ ಕೊಟ್ಟು, ಇಲ್ಲವೇ ರಿವೆಟ್ ನಟ್ ಹಾಕಿ ಬೋಲ್ಟ್ ಬಿಗಿಯಬೇಕು.

ತಂತಿಯ ವಿಷಯದಲ್ಲಿ ಕಂಜೂಸಿ ಬೇಡ. ನೆಟ್‌ವರ್ಕ್ ಕೇಬಲ್ ಉಳಿದಿದೆ ಎಂದು ಅದರ ಒಂದು ಜೋಡಿಯಲ್ಲೇ ಬೀಗಕ್ಕೆ ಕರೆಂಟು ಕೊಡುವುದು ಸಾಮಾನ್ಯ. 30 ಮೀಟರ್ ದೂರವಿದ್ದರೆ ಹೋಗಿಬರುವ 60 ಮೀಟರಿನಲ್ಲಿ ಆ ತೆಳು ತಂತಿಯ ರೋಧ ಸುಮಾರು 5 ಓಮ್. ಬೀಗದ 24 ಓಮ್‌ಗೆ ಇದು ಸೇರಿದರೆ ಕರೆಂಟು 0.41 ಆಂಪಿಯರಿಗೆ ಇಳಿಯುತ್ತದೆ, ಬೀಗಕ್ಕೆ ಸಿಗುವುದು 10 ವೋಲ್ಟಿಗಿಂತ ಕಡಿಮೆ. ಹಿಡಿತ ಸುಮಾರು ಮೂರನೇ ಒಂದು ಭಾಗ ಹೋಯಿತು. 1 ಚದರ ಮಿ.ಮೀ. ತಾಮ್ರದ ತಂತಿಯಾದರೆ ಅದೇ ದೂರಕ್ಕೆ ರೋಧ ಒಂದು ಓಮ್ ಚಿಲ್ಲರೆ, ನಷ್ಟ ಅರ್ಧ ವೋಲ್ಟಿನ ಆಸುಪಾಸು.

ಇನ್ನು ಭದ್ರತೆ. ಕೀಪ್ಯಾಡ್, ರೀಡರ್, ರಿಲೇ ಮೂರೂ ಒಂದೇ ಡಬ್ಬಿಯಲ್ಲಿರುವ ಅಗ್ಗದ ಸೆಟ್ಟುಗಳು ಸಿಗುತ್ತವೆ. ಆ ಡಬ್ಬಿ ಬಾಗಿಲ ಹೊರಗಿದ್ದರೆ ಬೀಗದ ತಂತಿಯೂ ಹೊರಗಿದ್ದಂತೆಯೇ. ಎಷ್ಟು ಕೆ.ಜಿ. ಬೀಗ ಹಾಕಿದರೂ ಪ್ರಯೋಜನವಿಲ್ಲ. ಹೊರಗೆ ರೀಡರ್ ಮಾತ್ರ ಇರಲಿ, ರಿಲೇ ಇರುವ ಕಂಟ್ರೋಲರ್ ಒಳಗಿರಲಿ.

ಕೈಕೊಟ್ಟಾಗ ಎಲ್ಲಿ ನೋಡಬೇಕು

ನೂಕಿದರೆ ಬಾಗಿಲು ಬಂದುಬಿಡುತ್ತಿದೆ ಎಂದರೆ ಮೊದಲು ಮುಖಗಳನ್ನು ನೋಡಿ, ಬೀಗವನ್ನಲ್ಲ. ಒಣ ಬಟ್ಟೆಯಲ್ಲಿ ಎರಡೂ ಮುಖ ಒರೆಸಿ. ಪೇಂಟಿನ ಹನಿ, ಟೇಪಿನ ಅಂಟು, ತುಕ್ಕು ಏನಿದ್ದರೂ ತೆಗೆಯಿರಿ. ಮರಳು ಕಾಗದ ಹಾಕಿ ಉಜ್ಜಬೇಡಿ, ಸತುವಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ತುಕ್ಕು ಎರಡರಷ್ಟಾಗುತ್ತದೆ. ಸದ್ದಾಗುತ್ತದೆಂದು ಪ್ಲೇಟಿಗೆ ಫೋಮ್ ಸ್ಟಿಕ್ಕರ್ ಅಂಟಿಸುವವರಿದ್ದಾರೆ. ಆ ಬೀಗ ಅವತ್ತಿಗೇ ಅಲಂಕಾರದ ವಸ್ತು. ಮರದ ಬಾಗಿಲಾದರೆ ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡು ಪ್ಲೇಟ್ ಮುಖ ಮುಟ್ಟದೆಯೇ ನಿಲ್ಲಬಹುದು. ಮೂರ್ನಾಲ್ಕು ತಿಂಗಳು ಸರಿಯಿದ್ದ ಬೀಗ ಜುಲೈನಲ್ಲಿ ಕೈಕೊಟ್ಟರೆ ಬಡಗಿಯನ್ನು ಕರೆಸಿ, ಎಲೆಕ್ಟ್ರಿಷಿಯನ್ನನ್ನಲ್ಲ.

ಮುಖ ಸರಿಯಿದ್ದರೆ ಮಲ್ಟಿಮೀಟರ್. ಬೀಗದ ಟರ್ಮಿನಲ್ಲಿನಲ್ಲೇ, ಬೀಗ ಹಿಡಿದಿರುವಾಗಲೇ ಅಳೆಯಬೇಕು. ಸಪ್ಲೈ ಹತ್ತಿರ 12 ತೋರಿಸಿ ಬೀಗದ ಹತ್ತಿರ 10 ತೋರಿಸಿದರೆ ತಂತಿಯ ತಪ್ಪು. ಆಮೇಲೆ ಕರೆಂಟು ತೆಗೆದು, ತಂತಿ ಕಳಚಿ ಓಮ್ ಅಳೆಯಿರಿ. 12 ವೋಲ್ಟಿನ ಜೋಡಣೆಯಲ್ಲಿ 24ರ ಹತ್ತಿರ ಬಂದರೆ ಸುರುಳಿ ಆರೋಗ್ಯವಾಗಿದೆ. 48 ಬಂದರೆ ಎರಡರಲ್ಲಿ ಒಂದು ಸುರುಳಿ ಕಡಿದಿದೆ. ಅನಂತ ತೋರಿಸಿದರೆ ಎರಡೂ ಹೋಗಿವೆ ಅಥವಾ ಜಂಪರ್ ಬಿಟ್ಟುಹೋಗಿದೆ. ಎಪಾಕ್ಸಿಯೊಳಗಿನ ಸುರುಳಿಯನ್ನು ರಿಪೇರಿ ಮಾಡಲಾಗುವುದಿಲ್ಲ, ಬೀಗವನ್ನೇ ಬದಲಿಸಬೇಕು.

ಬೇಸಿಗೆಯ ಮಧ್ಯಾಹ್ನ ಹಿಡಿತ ತುಸು ಕಡಿಮೆಯಾದರೆ ಅದಕ್ಕೂ ಕಾರಣವಿದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.4 ಪ್ರತಿಶತ ಏರುತ್ತದೆ. ಸುರುಳಿ 20 ಡಿಗ್ರಿ ಹೆಚ್ಚು ಬಿಸಿಯಾದರೆ ಕರೆಂಟು ಏಳೆಂಟು ಪ್ರತಿಶತ ಇಳಿಯುತ್ತದೆ. ಇದು ರೋಗವಲ್ಲ, ಸ್ವಭಾವ.

ಉಲ್ಟಾ ತೊಂದರೆಯೂ ಉಂಟು. ಕಾರ್ಡ್ ಇಟ್ಟರೂ ಬಾಗಿಲು ಒಂದೆರಡು ಸೆಕೆಂಡು ಅಂಟಿಕೊಂಡೇ ಇರುತ್ತದೆ. ಕಬ್ಬಿಣದಲ್ಲಿ ಉಳಿದ ಅಲ್ಪ ಕಾಂತತ್ವವೇ ಕಾರಣ. ಇದಕ್ಕೆಂದೇ ಪ್ಲೇಟಿನಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಪಿನ್ ಕೊಟ್ಟಿರುತ್ತಾರೆ. ಕರೆಂಟು ನಿಂತ ಕೂಡಲೇ ಅದು ಪ್ಲೇಟನ್ನು ಮುಖದಿಂದ ದೂಡುತ್ತದೆ. ಕೊಳೆ ಸೇರಿ ಆ ಪಿನ್ ಒಳಗೇ ಸಿಕ್ಕಿಕೊಂಡಿದೆಯೇ ನೋಡಿ.

ಬೆಂಕಿ ಬಿದ್ದರೆ

ಬಾಗಿಲಿಗೆ ಇಂಥ ಬೀಗ ಬಂದದ್ದೇ ಈ ಕಾರಣಕ್ಕೆ. 1969ರಲ್ಲಿ ಕೆನಡಾದ ಮಾಂಟ್ರಿಯಲ್ ಫೋರಂ ಕ್ರೀಡಾಂಗಣದ ತುರ್ತು ದ್ವಾರಗಳಿಗೆಂದು ಇದನ್ನು ರೂಪಿಸಲಾಯಿತು. ಮಾಮೂಲಿ ದಿನ ಮುಚ್ಚಿರಬೇಕು, ಅನಾಹುತವಾದರೆ ಒಂದೇ ಸ್ವಿಚ್ಚಿಗೆ ಎಲ್ಲ ಬಾಗಿಲೂ ಬಿಡಬೇಕು ಎಂಬುದು ಅಲ್ಲಿನ ಬೇಡಿಕೆ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಅಗ್ನಿ ಮತ್ತು ಜೀವ ಸುರಕ್ಷತೆಗೆ ಸಂಬಂಧಿಸಿದ್ದು. ನಿರ್ಗಮನ ಬಾಗಿಲನ್ನು ಒಳಗಿನವರು ಕೀಲಿಕೈ ಇಲ್ಲದೆ ತೆರೆಯುವಂತಿರಬೇಕು ಎಂದು ಅದು ಹೇಳುತ್ತದೆ. ಹೊರಹೋಗುವುದಕ್ಕೂ ಕಾರ್ಡ್ ಬೇಕು ಎಂದು ಮಾಡಿಟ್ಟ ಹಾಸ್ಟೆಲಿನಲ್ಲಿ ಆ ಕಾರ್ಡೇ ಕೀಲಿಕೈ. ಫೈರ್ ಅಲಾರಂ ಇರುವ ಕಟ್ಟಡದಲ್ಲಿ ಅದರ ರಿಲೇಯನ್ನೂ ಬೀಗದ ಪಾಸಿಟಿವ್ ತಂತಿಗೆ ಸರಣಿಯಲ್ಲಿ ಸೇರಿಸಬೇಕು. ಅಲಾರಂ ಕೂಗಿದರೆ ಬೀಗ ತಾನಾಗಿ ಬಿಡುತ್ತದೆ. ಬ್ಯಾಟರಿ ಎಷ್ಟೇ ದೊಡ್ಡದಿರಲಿ, ಬ್ರೇಕ್-ಗ್ಲಾಸ್ ಮತ್ತು ಅಲಾರಂ ರಿಲೇ ಬ್ಯಾಟರಿಗೂ ಬೀಗಕ್ಕೂ ನಡುವೆ ಇರಬೇಕು. 230 ವೋಲ್ಟಿನ ಬದಿಗೆ ಹಾಕಿದರೆ ಅತ್ತ ಮೇನ್ ಕಡಿದಾಗ ಇತ್ತ ಬ್ಯಾಟರಿ ಬೀಗವನ್ನು ಹಿಡಿದೇ ಇಟ್ಟಿರುತ್ತದೆ.

ಪಿ.ಜಿ., ಹಾಸ್ಟೆಲ್, ಕೋಚಿಂಗ್ ಸೆಂಟರ್ ನಡೆಸುವವರು ಮೂರು ತಿಂಗಳಿಗೊಮ್ಮೆ ಎರಡು ಪರೀಕ್ಷೆ ಮಾಡಬೇಕು. ಮೊದಲನೆಯದು, ಎಂ.ಸಿ.ಬಿ. ಇಳಿಸಿ ಬ್ಯಾಟರಿಯ ಮೇಲೆ ಬೀಗ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುವುದು. ಎರಡನೆಯದು, ಬ್ಯಾಟರಿಯ ಮೇಲೆಯೇ ಇರುವಾಗ ಬ್ರೇಕ್-ಗ್ಲಾಸ್ ಒತ್ತಿ ಬಾಗಿಲು ಕೂಡಲೇ ಬಿಡುತ್ತದೆಯೇ ನೋಡುವುದು. ಎರಡನೆಯದನ್ನು ಬಹಳ ಕಡೆ ಹಾಕಿಸಿದ ದಿನದಿಂದ ಯಾರೂ ಒತ್ತಿಯೇ ಇರುವುದಿಲ್ಲ.

ಯಾವ ಬಾಗಿಲಿಗೆ ಬೇಡ

ರಾತ್ರಿ ಜನರಿಲ್ಲದ ಗೋದಾಮು, ಚಿನ್ನ ಇಡುವ ಕೋಣೆ, ಊರಾಚೆಯ ತೋಟದ ಮನೆ, ಇವಕ್ಕೆ ಮ್ಯಾಗ್ನೆಟ್ ಲಾಕ್ ಒಂದನ್ನೇ ನಂಬುವುದು ಸರಿಯಲ್ಲ. ಬ್ಯಾಟರಿ ಮುಗಿದ ಮೇಲೆ ಅದು ಬರೀ ಕಬ್ಬಿಣದ ತುಂಡು. ಅಂಥಲ್ಲಿ ಹಗಲಿಗೆ ಮ್ಯಾಗ್ನೆಟ್, ರಾತ್ರಿಗೆ ಹಳೆಯ ಶಟರ್ ಮತ್ತು ಬೀಗ ಎಂದು ಎರಡನ್ನೂ ಇಟ್ಟುಕೊಳ್ಳುವುದು ರೂಢಿ. ಕಾರ್ಡಿನಿಂದಲೇ ತೆರೆಯಬೇಕು, ಕರೆಂಟು ಹೋದರೂ ಮುಚ್ಚಿರಬೇಕು ಎನ್ನುವವರಿಗೆ ಎಲೆಕ್ಟ್ರಿಕ್ ಸ್ಟ್ರೈಕ್ ಇದೆ. ಚೌಕಟ್ಟಿನ ಬದಿಯಲ್ಲಿ ಕೂರುವ ಅದರಲ್ಲಿ ಸೊಲೆನಾಯ್ಡ್ ಎಂಬ ಸುರುಳಿ ಒಂದು ಚಿಕ್ಕ ತಡೆಯನ್ನು ಸರಿಸುತ್ತದೆ. ಫೇಲ್-ಸೆಕ್ಯೂರ್ ಮಾದರಿ ಎಂದು ಕೇಳಿ ಪಡೆಯಬೇಕು. ಒಳಗಿನಿಂದ ಹಿಡಿಕೆ ತಿರುಗಿಸಿದರೆ ಕರೆಂಟಿನ ಹಂಗಿಲ್ಲದೆ ಅದು ತೆರೆಯುತ್ತದೆ. ಪಕ್ಕಕ್ಕೆ ಸರಿಯುವ ಬಾಗಿಲಿಗೂ ಸಾದಾ ಮ್ಯಾಗ್ನೆಟ್ ಲಾಕನ್ನು ಮುಖಕ್ಕೆ ಜಾರುವಂತೆ ಕೂರಿಸುವ ಹಾಗಿಲ್ಲ. ಅದರ 280 ಕೆ.ಜಿ. ನೇರ ಎಳೆತಕ್ಕೆ ಮಾತ್ರ ಲೆಕ್ಕ, ಪಕ್ಕಕ್ಕೆ ಜಾರಿಸಿದರೆ ಅದರ ಚಿಕ್ಕ ಪಾಲು ಬಲಕ್ಕೇ ಪ್ಲೇಟ್ ಸರಿದುಹೋಗುತ್ತದೆ. ಅಂಥ ಬಾಗಿಲಿಗೆ ಪ್ಲೇಟನ್ನು ಬಾಗಿಲ ಅಂಚಿಗೆ, ಪೆಟ್ಟಿಗೆಯನ್ನು ಅದು ಬಂದು ತಾಗುವ ಕಂಬಕ್ಕೆ ಕೂರಿಸಬೇಕು.